ಹೇಳಿದವರ ಬುಟ್ಟಿ

ಅವಳ ಬಲಗೈ ಹೆಬ್ಬೆರಳಿನ ಉಗುರು ಹಸಿರಾಗಿತ್ತು. ಹಿಪ್ಪುನೇರಳೆ ಸೊಪ್ಪಿನ ಹಾಲು ಹತ್ತಿ ಹತ್ತಿ ಬಂದ ಬಣ್ಣ ಅದು. ಅಂಚಿನಲ್ಲಿ ಕಪ್ಪಾಗಿ, ನಡುವೆ ಉದ್ದಕ್ಕೆ ಒಂದು ಸೀಳು ಬಿಟ್ಟಿತ್ತು. ಸೊಪ್ಪಿನ ಮೂಟೆ ಯಾರೇ ತರಲಿ, ಬಿಚ್ಚಿಸಿ, ಮೇಲಿನದನ್ನು ಬಿಟ್ಟು ನಡುವಿನಿಂದ ಒಂದು ಎಲೆ ಎಳೆದು, ಆ ಸೀಳಿಗೆ ತೊಟ್ಟನ್ನು ಸಿಕ್ಕಿಸಿ ಮುರಿಯುತ್ತಿದ್ದಳು. ಹಾಲು ಒಸರುತ್ತದೆಯೇ ಎಂದು ನೋಡುತ್ತಿದ್ದಳು. ಆಮೇಲೆ ಮೂಟೆಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ, “ನೆನ್ನೆ ಕೊಯ್ದಿದ್ದು ಕಣ್ಲಾ ಇದು. ನೀ ಬೇಕಾದ್ರೆ ತಂಗಳು ಉಣ್ಣು, ಇವಕ್ಕೆ ಬ್ಯಾಡ” ಎನ್ನುತ್ತಿದ್ದಳು. ತಂದವನು ಅವಳಿಗಿಂತ ಹಿರಿಯನಾಗಿದ್ದರೂ ಮೂಟೆ ಹೊತ್ತುಕೊಂಡು ವಾಪಸು ಹೋಗುತ್ತಿದ್ದ.

ಊರು ಅವಳನ್ನು ಚಾಕಿ ಅವ್ವ ಎನ್ನುತ್ತಿತ್ತು. ಮೊಟ್ಟೆಯೊಡೆದು ಬಂದ ರೇಷ್ಮೆಹುಳು ಇರುವೆಗಿಂತ ಸಣ್ಣದು. ಆ ಎಳೆಯ ಹುಳುವಿಗೆ ಚಾಕಿ ಎಂದು ಹೆಸರು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ನಿಂತು ಪೊರೆ ಕಳಚುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ; ಪೊರೆ ಕಳಚಿ ಮತ್ತೆ ಸೊಪ್ಪಿಗೆ ಏಳುವುದನ್ನು ಜ್ವರ ಏಳುವುದು ಎನ್ನುತ್ತೇವೆ. ಎರಡನೇ ಜ್ವರ ಏಳುವ ತನಕ ಊರಿನ ಇಪ್ಪತ್ತೆರಡು ಮನೆಗಳ ಹುಳುವನ್ನೂ ಅವಳೇ ಒಂದು ಹಂಚಿನ ಕೋಣೆಯಲ್ಲಿ ಸಾಕುತ್ತಿದ್ದಳು. ಆಮೇಲೆ ಮನೆಮನೆಗೆ ಹುಳುವಿನ ತಟ್ಟೆ ಹಂಚುವುದು. ಪ್ರತಿ ಬೆಳೆಗೆ ಮನೆಗಿಷ್ಟು ರಾಗಿ ಅವಳಿಗೆ. ಗಂಡ ಇರಲಿಲ್ಲ, ಮಕ್ಕಳಾಗಿರಲಿಲ್ಲ, ತೋಟವೂ ಇರಲಿಲ್ಲ. ಇದ್ದದ್ದು ಅವಳ ಕೈಗುಣದ ಮೇಲೆ ಊರಿಗಿದ್ದ ನಂಬಿಕೆಯೊಂದೇ. ಆ ನಂಬಿಕೆಯನ್ನು ಹೇಗೆ ಕೊಂದರು ಎಂಬುದನ್ನು ನಾನು ನೋಡಿದ್ದೇನೆ. ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ್ದೆಂದೇ ಬರೆಯುತ್ತೇನೆ. ನನ್ನ ಪಾಲು ಅದರಲ್ಲಿ ಎಷ್ಟು ಎಂಬುದನ್ನೂ ಬರೆಯುತ್ತೇನೆ.

ಚನ್ನಪಟ್ಟಣದಿಂದ ಹೊಂಗನೂರಿನ ಬಸ್ಸಿನಲ್ಲಿ ಬಂದು, ಇಳಿದು ಕಾಲು ಗಂಟೆ ನಡೆದರೆ ನಮ್ಮೂರು. ರೇಷ್ಮೆಗೆ ಬೆಲೆ ಏರುತ್ತಿದ್ದ ವರ್ಷಗಳಲ್ಲಿ ನಾನು ಅಲ್ಲಿಗೆ ಸೊಸೆಯಾಗಿ ಬಂದೆ. ನನ್ನ ತವರು ಮಾಗಡಿ ತಾಲ್ಲೂಕು, ತಿಪ್ಪಸಂದ್ರದ ಕಡೆ. ರಾಗಿ ಹುರುಳಿ ಬೆಳೆಯುವ ಮನೆ. ಹುಳುವನ್ನು ಹತ್ತಿರದಿಂದ ನೋಡಿದವಳೇ ಅಲ್ಲ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೆ ಎಂಬ ಹೆಮ್ಮೆಯೊಂದಿತ್ತು. ಗಂಡನ ಮನೆಯನ್ನು ಊರು ದೊಡ್ಡಮನೆ ಎನ್ನುತ್ತಿತ್ತು. ತೋಟ ದೊಡ್ಡದು, ಹುಳದ ಮನೆ ದೊಡ್ಡದು, ಊರಿನಲ್ಲಿ ಬೋರ್‌ವೆಲ್ ಇದ್ದದ್ದು ನಮಗೊಬ್ಬರಿಗೆ. ಬೇಸಿಗೆಯಲ್ಲಿ ಕೆಳಗಿನ ತೋಟಗಳಿಗೆ ನೀರು ಬಿಡುವುದೂ ಬಿಡದಿರುವುದೂ ಮಾವನವರ ಕೈಯಲ್ಲಿತ್ತು. ಬಂದ ಮೊದಲ ತಿಂಗಳಲ್ಲೇ ನಾನು ಸೊಪ್ಪು ಹಾಕುವುದರಲ್ಲಿ ಎರಡು ತಟ್ಟೆ ಹುಳು ಕೆಡಿಸಿದೆ. ಅತ್ತೆ ನನ್ನನ್ನು ಚಾಕಿ ಅವ್ವನ ಹತ್ತಿರ ಕಲಿಯಲು ಕಳಿಸಿದರು.

ಅವಳ ಕೋಣೆಗೆ ಹೋಗುವವರು ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಕಾಲಿಡಬೇಕಿತ್ತು. ತಲೆಗೆ ಹೂ ಮುಡಿದು ಹೋಗುವಂತಿರಲಿಲ್ಲ. ಒಗ್ಗರಣೆ ಹಾಕಿ ಸೀದಾ ಬಂದವರನ್ನು ಹೊರಗೇ ಕೂರಿಸುತ್ತಿದ್ದಳು. ಮೊಟ್ಟೆಯೊಡೆದ ಹುಳುವನ್ನು ಕೋಳಿಪುಕ್ಕದಲ್ಲಿ ಗುಡಿಸಿ ತಟ್ಟೆಗೆ ಇಳಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಉಸಿರಿಗೆ ಹಾರಿಹೋಗುವಷ್ಟು ಹಗುರ ಅವು. ಥರ್ಮಾಮೀಟರ್ ಒಂದು ಗೋಡೆಗೆ ತೂಗುಹಾಕಿತ್ತು. ಅವಳು ಅದನ್ನು ನೋಡಿದ್ದನ್ನು ನಾನು ಕಾಣೆ. ತಟ್ಟೆಯ ತಳಕ್ಕೆ ಕೆನ್ನೆ ಇಟ್ಟು, “ಒಸಿ ಚಳಿಯಾಗೈತೆ, ಇದ್ದಿಲು ಹಾಕಮ್ಮಿ” ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಮೊದಲನೇ ಜ್ವರ ಏಳುತ್ತಿತ್ತು. ತಟ್ಟೆಯಲ್ಲಿ ಮುಕ್ಕಾಲು ಪಾಲು ಹುಳು ಎದ್ದು ತಲೆಯಾಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ನನಗೆ ಪಾಪವೆನಿಸಿ ಒಂದು ಹಿಡಿ ಹೆಚ್ಚಿದ ಸೊಪ್ಪು ಉದುರಿಸಲು ಹೋದೆ. ನನ್ನ ಮಣಿಕಟ್ಟು ಹಿಡಿದಳು.

“ಕೊನೇವು ಏಳ್ಲಿ.”

“ಇವು ಹಸ್ಕೊಂಡವಲ್ಲ ಅವ್ವ.”

“ಇರ್ಲಿ. ಮೊದ್ಲು ಎದ್ದೋವು ಒಸಿ ಹಸ್ಕೊಂಡಿದ್ರೆ ಸಾಯಾಕಿಲ್ಲ. ಈಗ ನೀ ಹಾಕ್ಬುಟ್ರೆ ಇವು ತಿಂದು ಮುಂದಕ್ಕೋಯ್ತವೆ, ಮಲಗಿರೋವು ಸೊಪ್ಪಿನಡೀಲಿ ಸಿಕ್ಕಿ ಕೊಳೀತವೆ. ಅವು ಕೊಳೆತ್ರೆ ರೋಗ. ರೋಗ ಬಂದ್ರೆ ಮುಂದ್ಲೋವೂ ಉಳಿಯಾಕಿಲ್ಲ.”

ಅವಳಿಗೆ ಓದು ಬರುತ್ತಿರಲಿಲ್ಲ. ಇದನ್ನು ನೀತಿಯ ಮಾತಾಗಿ ಹೇಳಿದವಳೂ ಅಲ್ಲ. ಹುಳು ಸಾಕುವ ಕ್ರಮವನ್ನು ಹೇಳಿಕೊಟ್ಟಳು ಅಷ್ಟೇ. ಆದರೆ ಮನೆಮನೆಗೆ ತಟ್ಟೆ ಹಂಚುವಾಗಲೂ ಅವಳ ಕ್ರಮ ಇದೇ. ದೊಡ್ಡಮನೆಯವರನ್ನು ಕೊನೆಗೆ ನಿಲ್ಲಿಸುತ್ತಿದ್ದಳು. ಅತ್ತೆ ಒಮ್ಮೆ ಮುಖ ಊದಿಸಿಕೊಂಡು ಕೇಳಿದ್ದಕ್ಕೆ, ಮುಂದೆ ನಿಂತಿದ್ದ ಕುರಿಮನೆಯ ಅಕ್ಕನನ್ನು ತೋರಿಸಿ, “ನಿಮ್ಗೆ ಇನ್ನೊಂದ್ ಬೆಳೆ ಐತೆ ಕಣವ್ವ. ಇವ್ಳಿಗೆ ಏನೈತೆ, ಈ ತಟ್ಟೆ ಬುಟ್ರೆ?” ಎಂದಳು. ಕುರಿಮನೆಯ ಅಕ್ಕ ಗಂಡನನ್ನು ಕಳೆದುಕೊಂಡು, ಹತ್ತಿಪ್ಪತ್ತು ಕುರಿ, ಒಂದು ಪಟ್ಟಿ ತೋಟ ಇಟ್ಟುಕೊಂಡು ನಮ್ಮ ಬೀದಿಯಲ್ಲೇ ಬದುಕುತ್ತಿದ್ದವಳು.

ಈಗ ಬುಟ್ಟಿಯ ವಿಷಯ ಹೇಳಬೇಕು.

ಹುಳುವಿಗೆ ಬರುವ ರೋಗಗಳಲ್ಲಿ ಸುಣ್ಣಕಟ್ಟು ಎಂಬುದೊಂದು. ಚಳಿ, ಜಿಟಿಜಿಟಿ ಮಳೆ ಸೇರಿದ ದಿನಗಳಲ್ಲಿ ಬರುತ್ತದೆ. ಸತ್ತ ಹುಳು ಮೊದಲ ದಿನ ಮೆತ್ತಗಿರುತ್ತದೆ. ಒಂದೆರಡು ದಿನದಲ್ಲಿ ಕಡ್ಡಿಯಂತೆ ಸೆಟೆದು, ಮೈತುಂಬ ಬಿಳಿ ಹಿಟ್ಟು ಏಳುತ್ತದೆ. ಆ ಹಿಟ್ಟು ಗಾಳಿಯಲ್ಲಿ ಹೋಗಿ ಪಕ್ಕದ ಮನೆಯ ಹುಳುವಿನ ಮೇಲೆ ಕೂತರೆ ನಾಲ್ಕೈದು ದಿನಕ್ಕೆ ಅದೂ ಸುಣ್ಣ. ಬಿಳುಪೇರುವ ಮೊದಲೇ ಆರಿಸಿ ಸುಟ್ಟರೆ ಊರು ಉಳಿಯುತ್ತದೆ. ಹಾಗಾಗಿ ಮೊದಲು ಕಂಡವರು ಮೊದಲು ಹೇಳಬೇಕು. ಹೇಳುವವರು ಯಾರು? ಹೇಳಿದವರು ತಮ್ಮ ಬೆಳೆಯನ್ನು ತಾವೇ ಸುಡಬೇಕು. ನಾನು ಬರುವುದಕ್ಕೆ ಮೊದಲು ಒಂದು ವರ್ಷ ಯಾರೋ ಮುಚ್ಚಿಟ್ಟು ಅರ್ಧ ಊರು ಹಾಳಾಗಿತ್ತಂತೆ. ಆಗ ಅವಳು ಮನೆಮನೆಗೆ ಹೋಗಿ ಒಂದು ಕಟ್ಟಳೆಗೆ ಒಪ್ಪಿಸಿದಳು. ಬಿಳಿ ಹುಳು ಕಂಡವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಎಲ್ಲರಿಗೂ ತಿಳಿಸಬೇಕು, ಬೆಳೆ ಸುಡಬೇಕು. ಉಳಿದವರು ತಮ್ಮ ಗೂಡು ಮಾರುಕಟ್ಟೆಗೆ ಹೋಗುವ ಮೊದಲು ಮನೆಗೊಂದು ಬುಟ್ಟಿ ಗೂಡು ಆ ಮನೆಗೆ ಕೊಡಬೇಕು. ಅದಕ್ಕೆ ಹೇಳಿದವರ ಬುಟ್ಟಿ ಎಂದು ಹೆಸರಾಯಿತು.

ಅದು ನಡೆದದ್ದನ್ನು ನಾನು ಒಮ್ಮೆ ಕಣ್ಣಾರೆ ಕಂಡೆ. ಕುರಿಮನೆಯ ಅಕ್ಕ ಬೇವಿನ ಸೊಪ್ಪು ಕಟ್ಟಿದಳು. ಸುಡುವಾಗ ಕೂದಲು ಸುಟ್ಟಂಥ ನಾತ ಊರಿಗೆಲ್ಲ ಹಬ್ಬಿತು. ಒಮ್ಮೆ ಮೂಗಿಗೆ ಹೋದರೆ ಮರೆಯದ ನಾತ. ಅಕ್ಕ ಅಳಲಿಲ್ಲ, ಕಡ್ಡಿಯಿಂದ ಬೆಂಕಿ ಕೆದಕುತ್ತಾ ನಿಂತಿದ್ದಳು. ಎಂಟು ದಿನದ ಮೇಲೆ ರಾಮನಗರಕ್ಕೆ ಹೊರಟ ಟೆಂಪೋ ಬಂತು. ಚಾಕಿ ಅವ್ವ ಟೆಂಪೋದ ಹಿಂಬದಿಗೆ ಬುಟ್ಟಿ ಇಟ್ಟುಕೊಂಡು ನಿಂತಳು. ಮನೆಗೊಂದು ಬುಟ್ಟಿ ಬೀಳದೆ ಯಾರ ಮೂಟೆಯೂ ಮೇಲೆ ಹತ್ತಲಿಲ್ಲ. ಒಬ್ಬಾತ ತೆಳ್ಳಗಿನ, ಹಿಸುಕಿದರೆ ಒಳಗೆ ಹೋಗುವ ಗೂಡುಗಳನ್ನೆಲ್ಲ ಆರಿಸಿ ತಂದು ಸುರಿದ. ಅವಳು ಎರಡು ಬೆರಳಲ್ಲಿ ಒಂದನ್ನು ಒತ್ತಿ ನೋಡಿದಳು.

“ಇದ್ನ ನಿನ್ ಕೂಸಿಗೆ ಆಟಕ್ಕೆ ಕೊಡು ಕಣ್ಲಾ. ನಮ್ಗೆ ಗೂಡು ತತ್ತಾ.”

ಸುತ್ತಲಿದ್ದವರು ನಕ್ಕರು. ಆತನೂ ನಕ್ಕು ಮನೆಗೆ ಹೋಗಿ ಒಳ್ಳೆಯ ಗೂಡು ತಂದ. ಆ ದಿನ ಎಲ್ಲರೂ ನಕ್ಕಿದ್ದರಿಂದ ಕಟ್ಟಳೆ ಗಟ್ಟಿಯಾಗಿದೆ ಎಂದು ನಾನು ಅಂದುಕೊಂಡೆ. ನನಗೆ ಆಗ ಇಪ್ಪತ್ತು ವರ್ಷ.

ಮರುವರ್ಷ ಕಾರ್ತಿಕದ ಬೆಳೆ. ಗೂಡಿನ ದರ ಹಿಂದೆಂದೂ ಇಲ್ಲದಷ್ಟು ಏರಿತ್ತು. ಮಾವನವರು ಎರಡು ದಿನಕ್ಕೊಮ್ಮೆ ರಾಮನಗರಕ್ಕೆ ಹೋಗಿ ದರ ಕೇಳಿಕೊಂಡು ಬರುತ್ತಿದ್ದರು. ನಾಲ್ಕನೇ ಜ್ವರ ಏಳುತ್ತಿದ್ದ ಬೆಳಿಗ್ಗೆ, ತಟ್ಟೆ ಪೇರಿಸಿಡುವ ಮೂರನೇ ಸ್ಟ್ಯಾಂಡಿನ ನಡುವಿನ ತಟ್ಟೆಯಲ್ಲಿ ನಾನು ಒಂದು ಹುಳು ಕಂಡೆ. ಅದು ಅಂಚಿಗೆ ಬಂದು ಸೆಟೆದುಕೊಂಡಿತ್ತು. ಉಗುರಿನಿಂದ ತಟ್ಟಿದೆ. ಟಕ್ ಎಂದಿತು. ಬಾಲದ ಕಡೆ ಬಿಳುಪೇರಲು ಶುರುವಾಗಿತ್ತು. ಪಕ್ಕದ ತಟ್ಟೆಯಲ್ಲಿ ಇನ್ನೂ ನಾಲ್ಕು.

ಅತ್ತೆಗೆ ತೋರಿಸಿದೆ. ಅತ್ತೆ ಮಾವನವರನ್ನು ಕರೆದರು. ಅವರು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬೆಳಕಿಗೆ ಹೋಗಿ ನೋಡಿ, ಪಂಚೆಗೆ ಕೈ ಒರೆಸಿಕೊಂಡರು.

“ಬೇವಿನ ಸೊಪ್ಪು ತತ್ತೀನಿ ಮಾವ” ಎಂದೆ.

“ಯಾಕವ್ವ?”

“ಕಟ್ಟಾಕೆ. ಹೇಳ್ಬೇಕಲ್ಲ. ಬುಟ್ಟಿ ಬತ್ತದೆ.”

“ಬುಟ್ಟಿ ಇಸ್ಕೊಳೋ ಮನೆಯೇನವ್ವ ನಮ್ದು?” ಅವರು ಸಿಟ್ಟಾಗಲಿಲ್ಲ. ಮಗ್ಗಿ ಹೇಳಿಕೊಡುವವರ ಹಾಗೆ ನಿಧಾನವಾಗಿ ಹೇಳಿದರು. “ನೀನು ಓದಿರೋಳು, ನೀನೇ ಯೋಚ್ನೆ ಮಾಡು. ಇಪ್ಪತ್ತೊಂದು ಮನೆ, ಇಪ್ಪತ್ತೊಂದು ಬುಟ್ಟಿ. ನಮ್ಮ ಒಂದು ಸ್ಟ್ಯಾಂಡಿನ ಗೂಡಿಗೆ ಸಮ ಆಯ್ತದಾ? ಕುರಿಯೋಳಿಗೆ ಆಯ್ತದೆ. ನಮ್ಗೆ ಆಗಾಕಿಲ್ಲ. ಎಂಟು ದಿನ. ಎಂಟು ದಿನ ಬಾಯಿ ಮುಚ್ಕೊಂಡಿರು.”

ಲೆಕ್ಕ ಸರಿಯಾಗಿತ್ತು. ಇಷ್ಟು ವರ್ಷವಾದ ಮೇಲೂ ನನ್ನನ್ನು ಕೆರಳಿಸುವುದು ಅದೇ. ಅವರು ಸುಳ್ಳು ಹೇಳಲಿಲ್ಲ. ಬುಟ್ಟಿಯ ಕಟ್ಟಳೆ ಸಣ್ಣವರನ್ನು ಕಾಯುವಷ್ಟು ದೊಡ್ಡವರನ್ನು ಕಾಯುತ್ತಿರಲಿಲ್ಲ. ಅದು ನಿಂತಿದ್ದದ್ದು ದೊಡ್ಡವರು ಸ್ವಲ್ಪ ಕಳೆದುಕೊಳ್ಳಲು ಒಪ್ಪಿದ್ದರ ಮೇಲೆ. ಆ ಬೆಳಿಗ್ಗೆ ಮಾವನವರು ಒಪ್ಪಲಿಲ್ಲ. ಅಷ್ಟು ಸಾಕಾಯಿತು. ಉಳಿದ ಇಪ್ಪತ್ತೊಂದು ಮನೆ ಒಪ್ಪಿಕೊಂಡೇ ಇದ್ದವು, ಅದರಿಂದ ಏನೂ ಆಗಲಿಲ್ಲ.

ಹುಳದ ಮನೆಯ ಬಾಗಿಲಿಗೆ ಹಳೆಯ ಪೊರಕೆ, ಹರಿದ ಚಪ್ಪಲಿ ಕಟ್ಟಿದರು. ಹುಳುವಿಗೆ ದೃಷ್ಟಿಯಾಗಿದೆ, ಯಾರೂ ಬರಕೂಡದು ಎಂಬುದರ ಗುರುತು ಅದು. ಪೊರಕೆ ಕಟ್ಟಿದ ಬಾಗಿಲನ್ನು ದಾಟಿ ಒಳಗೆ ಹೋಗುವಷ್ಟು ಮರ್ಯಾದೆಗೆಟ್ಟವರು ನಮ್ಮ ಕಡೆ ಇಲ್ಲ. ಆ ಮರ್ಯಾದೆಯನ್ನೇ ಅವರು ಮರೆಯಾಗಿ ಬಳಸಿದರು. ಒಳಗೆ ಸುಣ್ಣ ಎರಚಿ, ರೋಗ ಹತ್ತಿದ ತಟ್ಟೆಗಳನ್ನು ಬೇರೆ ಮಾಡಿ, ಸತ್ತದ್ದನ್ನು ಆರಿಸಿದೆವು. ಸುಡುವಂತಿರಲಿಲ್ಲ; ನಾತ ಊರಿಗೆ ಹೇಳಿಬಿಡುತ್ತಿತ್ತು. ಹೂಳಲು ತೋಟಕ್ಕೆ ಹೊತ್ತರೆ ಎದುರಾದವರು ಕೇಳುತ್ತಿದ್ದರು. ಬೀದಿಯ ಮೂಡಲ ತುದಿಯಲ್ಲಿ ನಮ್ಮ ತಿಪ್ಪೆಯಿತ್ತು. ಹುಳುವಿನ ಹಿಕ್ಕೆ, ತಿಂದುಳಿದ ಕಡ್ಡಿ ದಿನವೂ ಅಲ್ಲಿಗೇ ಬೀಳುತ್ತಿತ್ತು. ಅದರೊಳಗೆ ಬಿಳಿ ಹುಳುಗಳನ್ನು ಬೆರೆಸಿ, ಮೇಲೆ ಸೊಪ್ಪು ಮುಚ್ಚಿ, ಬೆಳಗಾಗುವ ಮೊದಲು ಹಾಕಿ ಬರಬೇಕು ಎಂದರು ಅತ್ತೆ.

ಹಾಕಿ ಬಂದವಳು ನಾನು. ನಾಲ್ಕು ದಿನ. ಕಾರ್ತಿಕದಲ್ಲಿ ನಮ್ಮ ಕಡೆ ಗಾಳಿ ಮೂಡಲಿಂದ ಬೀಸುತ್ತದೆ, ಬೀದಿಯ ಉದ್ದಕ್ಕೂ. ಅದು ನನಗೆ ಗೊತ್ತಿತ್ತು. ಬಿಳಿ ಹಿಟ್ಟು ಗಾಳಿಯಲ್ಲಿ ಹೋಗುತ್ತದೆ ಎಂಬುದೂ ಗೊತ್ತಿತ್ತು, ಚಾಕಿ ಅವ್ವನೇ ಹೇಳಿಕೊಟ್ಟಿದ್ದಳು. ಗಂಡನಿಗೆ ಒಂದು ಮಾತು ಹೇಳಿ ನೋಡಿದೆ. “ಅಪ್ಪ ಹೇಳಿದ್ಮೇಲೆ ಮುಗೀತು” ಎಂದರು.

ಮೂರನೇ ದಿನ ಅವಳು ನಮ್ಮ ಮನೆಗೆ ಬಂದಳು. ಹಂಚಿದ ಮೇಲೂ ಒಂದೊಂದು ಜ್ವರಕ್ಕೂ ಮನೆಮನೆಗೆ ಬಂದು ತಟ್ಟೆ ನೋಡಿ ಹೋಗುವುದು ಅವಳ ರೂಢಿ. ಬಾಗಿಲಿನ ಪೊರಕೆ ನೋಡಿ ಅಂಗಳದಲ್ಲೇ ನಿಂತಳು. ನಾನು ಸೊಪ್ಪು ಹೆಚ್ಚುತ್ತಾ ಕೂತಿದ್ದೆ.

“ಯಾರ್ ಕಣ್ಣಮ್ಮಿ ಬಿದ್ದಿದ್ದು?”

“ಗೊತ್ತಿಲ್ಲ ಅವ್ವ.”

“ಹುಳ ಚೆನ್ನಾಗವಾ?”

“ಚೆನ್ನಾಗವೆ.”

ಅವಳು ನನ್ನ ಮುಖ ನೋಡಲಿಲ್ಲ, ಸೀರೆಯ ಸೆರಗು ನೋಡಿದಳು. ನಾನೂ ನೋಡಿಕೊಂಡೆ. ಸುಣ್ಣದ ಪುಡಿ ಮೆತ್ತಿತ್ತು. ಚೆನ್ನಾಗಿರುವ ಹುಳುವಿಗೆ ಯಾರೂ ಅಷ್ಟು ಸುಣ್ಣ ಎರಚುವುದಿಲ್ಲ.

“ಹೇಳಿದ್ರೆ ಕೆಟ್ಟೋಗಾಕಿಲ್ಲ ಕಣಮ್ಮಿ” ಎಂದಳು, ಮೆಲ್ಲಗೆ. “ದೊಡ್ಮನೇರು ಹೇಳಿದ್ರೆ ಇನ್ನ ಯಾರೂ ಮುಚ್ಚಿಡಾಕಿಲ್ಲ.”

ಒಳಗಿಂದ ಮಾವನವರು ಕೆಮ್ಮಿದರು. ನಾನು ತಲೆ ಬಗ್ಗಿಸಿ ಸೊಪ್ಪು ಹೆಚ್ಚಿದೆ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು. ಅವಳು ಬಂದದ್ದು ಅಪ್ಪಣೆ ಮಾಡಲಲ್ಲ. ಒಂದು ಬಾಗಿಲು ತೆರೆದಿಟ್ಟು, ನಾನು ದಾಟುತ್ತೇನೇನೋ ಎಂದು ನೋಡಿದಳು. ನಾನು ದಾಟಲಿಲ್ಲ.

ನಮಗೆ ಒಂದೂವರೆ ಸ್ಟ್ಯಾಂಡು ಹೋಯಿತು, ಉಳಿದದ್ದೆಲ್ಲ ಗೂಡಾಯಿತು. ನೀರುಂಡ ಸೊಪ್ಪು ತಿಂದ ನಮ್ಮ ಹುಳು ಯಾವಾಗಲೂ ಊರಿಗಿಂತ ನಾಲ್ಕೈದು ದಿನ ಮೊದಲು ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ಗೂಡು ಬಿಡಿಸಿ ರಾಮನಗರಕ್ಕೆ ಸಾಗಿಸಿ ಒಳ್ಳೆಯ ದರಕ್ಕೆ ಮಾರಿದರು. ಅಷ್ಟರಲ್ಲಿ ತಿಪ್ಪೆಯ ಪಕ್ಕದ ಮನೆಯಲ್ಲಿ ಸುಣ್ಣಕಟ್ಟು ಕಂಡಿತು. ಅವರು ಬೇವಿನ ಸೊಪ್ಪು ಕಟ್ಟಿದರು, ಸುಟ್ಟರು. ಮರುದಿನ ಅದರ ಪಕ್ಕದ ಮನೆ. ಆಮೇಲೆ ಕುರಿಮನೆಯ ಅಕ್ಕ. ಆಮೇಲೆ ಸಾಲಾಗಿ ಬೀದಿಯ ಕೊನೆಯ ತನಕ. ಮೂರು ದಿನ ಊರಿನ ಮೇಲೆ ಆ ನಾತ ಕೂತಿತ್ತು. ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಡಬೇಕಾಗಿದ್ದ ಹುಳುಗಳನ್ನು ಜನ ಮೊರದಲ್ಲಿ ತುಂಬಿ ಬೆಂಕಿಗೆ ಸುರಿದರು. ಎಲ್ಲರ ಬಾಗಿಲಲ್ಲೂ ಬೇವು. ಬುಟ್ಟಿ ಕೊಡಲು ಯಾರ ಮನೆಯಲ್ಲೂ ಗೂಡಿರಲಿಲ್ಲ; ನಮ್ಮದು ಆಗಲೇ ಮಾರಿಹೋಗಿತ್ತು.

ಹಾಲಿನ ಡೈರಿಯ ಜಗಲಿಯಲ್ಲಿ ಊರು ಸೇರಿತು. ಗಂಡಸರು ಜಗಲಿಯ ಮೇಲೆ, ನಾವು ಹೆಂಗಸರು ಕೆಳಗೆ ಕ್ಯಾನುಗಳ ಹತ್ತಿರ. ಮೊದಲು ಮಾತಾಡಿದವರು ಮಾವನವರು. ತಾವು ಯಾರ ಮೇಲೂ ದೂರು ಹೇಳುವುದಿಲ್ಲ ಎಂದು ಶುರುಮಾಡಿದರು. ಇಪ್ಪತ್ತೊಂದು ಮನೆಗೆ ಒಂದೇ ರೋಗ ಬಂದಿದೆಯೆಂದರೆ ಇಪ್ಪತ್ತೊಂದು ಮನೆಗೂ ಒಂದೇ ಕಡೆಯಿಂದ ಬಂದಿರಬೇಕು, ಎಲ್ಲರ ಹುಳುವೂ ಒಂದೇ ಕೋಣೆಯಿಂದ ಬಂದಿದೆ ಎಂದರು. “ವಯಸ್ಸಾಯ್ತು. ಕಣ್ಣು ಮಂಜು. ಕೈಗುಣ ಅನ್ನೋದು ಕೊನೇ ತಂಕ ಇರಾಕಿಲ್ಲ” ಎಂದರು. ಕನಿಕರದ ದನಿಯಲ್ಲೇ ಎಂದರು.

ಅವಳು ಕಂಬಕ್ಕೆ ಒರಗಿ ನಿಂತಿದ್ದವಳು ಮುಂದೆ ಬಂದಳು.

“ನನ್ ಚಾಕೀಲಿ ಸುಣ್ಣ ಇದ್ದಿದ್ರೆ ಮೂರ್ನೇ ಜ್ವರಕ್ಕೆ ಮುಂಚೆ ಸಾಯ್ತಿತ್ತು. ನಾಲ್ಕು ದಿನಕ್ಕೆ. ನಾನು ಹಂಚಿ ಎಷ್ಟು ದಿನ ಆಯ್ತು? ಹೇಳ್ರಪ್ಪ, ನೀವೆಲ್ಲಾ ಹುಳ ಸಾಕಿರೋರೇ ತಾನೆ?”

ಒಬ್ಬಿಬ್ಬರು ಬೆರಳು ಮಡಿಚಿ ದಿನ ಎಣಿಸಿದರು.

“ಚಾಕೀಲಿ ಇದ್ದಿದ್ರೆ ಎಲ್ಲಾರ್ ಮನೇಲೂ ಒಂದೇ ದಿನ ಕಾಣ್ತಿತ್ತು. ಇಲ್ಲಿ ಮೂಡ್ಲಿಂದ ಶುರುವಾಗಿ ಮನೆ ಮನೆ ಹಿಡ್ಕೊಂಡು ಬಂದೈತೆ. ರೋಗಕ್ಕೆ ಬೀದೀಲಿ ನಡೆಯಾಕೆ ಕಾಲಿಲ್ಲ. ಗಾಳೀಲಿ ಬಂದೈತೆ. ಆ ತುದೀಲಿ ಯಾರ್ ತಿಪ್ಪೆ ಐತೆ?”

ಅವಳು ಹೇಳಿದ್ದರಲ್ಲಿ ತಪ್ಪು ತೋರಿಸಲು ಅಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಅಷ್ಟು ಜನ ಹುಳು ಸಾಕುವವರ ಮುಂದೆ ಅಷ್ಟು ಸರಳವಾದ ಸತ್ಯ ನಿಂತಿತ್ತು. ಮಾವನವರು ನಕ್ಕು, “ನಮ್ ಹುಳದ ಮನೆ ಬಾಗಿಲು ತೆಗೆದೇ ಐತೆ ಕಣವ್ವ. ಗೂಡು ಮಾರ್ಕೆಟ್ ಸೇರಾಯ್ತು. ಬಂದು ಗೋಡೆ ನೋಡ್ಕೊಂಡು ಹೋಗು” ಎಂದರು. ಕೆಲವರು ನಕ್ಕರು. ಯಾರು ನಕ್ಕರೆಂಬುದು ನನಗೆ ಇವತ್ತಿಗೂ ನೆನಪಿದೆ.

ಆಗ ನನ್ನ ಪಕ್ಕದಿಂದ ಕುರಿಮನೆಯ ಅಕ್ಕ ದನಿಯೆತ್ತಿದಳು. “ದೊಡ್ಮನೆ ಸೊಸೆ ಇಲ್ಲೇ ಅವ್ಳೆ. ಹುಳದ ಮನೆ ಕಸ ಬಳಿಯೋಳು ಅವ್ಳೆ ತಾನೆ? ಅವ್ಳನ್ನೇ ಕೇಳಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮಾವನವರ ಕಡೆ ನೋಡಿದೆ. ಮಾವನವರು ನನ್ನನ್ನು ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ನನಗೆ ಗೊತ್ತಿಲ್ಲ. ಸತ್ಯ ಹೇಳುತ್ತಿದ್ದೆ ಎಂದು ಬರೆದರೆ ಸುಳ್ಳಾದೀತು. ಆದರೆ ಕೇಳಲು ಅವಳು ಬಿಡಲಿಲ್ಲ.

“ಬ್ಯಾಡ” ಎಂದಳು ಚಾಕಿ ಅವ್ವ. “ಆ ಕೂಸ್ನ ಕೇಳ್ಬ್ಯಾಡಿ. ಅವ್ಳು ಆ ಮನೇಲಿ ಬಾಳ್ಬೇಕು.”

ಅವಳಿಗೆ ಇದ್ದ ಒಬ್ಬಳೇ ಸಾಕ್ಷಿ ನಾನು. ಅದು ಅವಳಿಗೆ ಗೊತ್ತಿತ್ತು. ತನ್ನ ಬದುಕಿನ ಒಂದೇ ಆಸ್ತಿ ಕೈ ಬಿಟ್ಟುಹೋಗುತ್ತಿದ್ದ ಗಳಿಗೆಯಲ್ಲಿ ಅವಳು ನನ್ನ ಸಂಸಾರದ ಲೆಕ್ಕ ಹಾಕಿದಳು. ಅವಳ ಪರವಾಗಿ ಹಾಗೆ ಯೋಚಿಸಿದವರು ಆ ಜಗಲಿಯ ಮೇಲೆ ಒಬ್ಬರೂ ಇರಲಿಲ್ಲ. ನಾನೂ ಇರಲಿಲ್ಲ. ಅವಳ ಮಾತು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಆಮೇಲೆ ಬಂತು.

ಮುಂದಿನದನ್ನು ಬೇಗ ಹೇಳಬಹುದು, ಯಾಕೆಂದರೆ ಬೇಗ ನಡೆಯಿತು. ಮುಂದಿನ ಬೆಳೆಗೆ ಅವಳ ಕೋಣೆಗೆ ಯಾರೂ ಸೊಪ್ಪು ತರಲಿಲ್ಲ. ಮಾವನವರು ನಮ್ಮ ಹಿತ್ತಲಲ್ಲಿ ಹೊಸ ಚಾಕಿ ಮನೆ ಕಟ್ಟಿಸಿ, ಕೂಲಿಗೆ ಇಬ್ಬರನ್ನಿಟ್ಟು, ತಟ್ಟೆ ಮಾರಲು ಶುರುಮಾಡಿದರು. ನಗದು ಕೊಟ್ಟವರಿಗೆ ಮೊದಲು, ಸಾಲ ಹೇಳಿದವರಿಗೆ ಕೊನೆಗೆ. ಬುಟ್ಟಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಬೀದಿಯಲ್ಲಿ ಒಂದೊಂದೇ ಬಾಗಿಲಿಗೆ ಪೊರಕೆ ಬಂತು, ಒಂದೆರಡು ವರ್ಷದಲ್ಲಿ ಎಲ್ಲ ಬಾಗಿಲಿಗೂ ಬಂತು. ಒಳಗೆ ಏನು ಸತ್ತಿದೆ ಎಂದು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಬೆಳೆಗೆ ಎರಡು ಮನೆ ಹಾಳಾಗುತ್ತಿದ್ದದ್ದು ಐದಾಯಿತು, ಎಂಟಾಯಿತು. ಹಿಪ್ಪುನೇರಳೆ ಕಿತ್ತು ಹಾಕಿದವರುಂಟು. ರೇಷ್ಮೆ ಬೆಳೆಗಾರರ ಸಂಘ ಎಂದು ಒಂದನ್ನು ಮಾಡಿಕೊಂಡರು. ಎಲ್ಲರೂ ಕೂಡಿ ಬಾಳಬೇಕು ಎಂದು ಭಾಷಣ ಮಾಡಿದ ಮಾವನವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಆ ಭಾಷಣ ಬರೆದುಕೊಟ್ಟವಳು ನಾನು. ಮನೆಯಲ್ಲಿ ಓದಿದವಳು ನಾನೇ ತಾನೆ.

ಅವಳು ರಾಮನಗರಕ್ಕೆ ಹೋಗಿ ನೂಲು ಬಿಚ್ಚುವ ಒಂದು ರೀಲಿಂಗ್ ಮನೆಯಲ್ಲಿ ಗೂಡು ಬೇಯಿಸುವ ಕೆಲಸಕ್ಕೆ ಸೇರಿದಳು. ಅದರ ಮಾಲೀಕರಾದ ಸಾಹೇಬರ ಹೆಂಡತಿ ಹಿತ್ತಲಲ್ಲಿ ಒಂದು ಕೋಣೆ ಕೊಟ್ಟಿದ್ದರು. ನಾಲ್ಕು ವರ್ಷದ ಮೇಲೆ, ಆಸ್ಪತ್ರೆಗೆಂದು ರಾಮನಗರಕ್ಕೆ ಹೋದವಳು ಧೈರ್ಯ ಮಾಡಿ ಅಲ್ಲಿಗೆ ಹೋದೆ. ಕುದಿಯುವ ನೀರಿನ ಬಾಣಲೆಯ ಮುಂದೆ ಕೂತಿದ್ದಳು. ಆವಿಯಲ್ಲಿ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಮೂರನೇ ಸ್ಟ್ಯಾಂಡು, ನಾಲ್ಕು ದಿನ, ತಿಪ್ಪೆ. ಹೇಳುತ್ತಾ ಅತ್ತುಬಿಟ್ಟೆ. ಅವಳು ಜಾಲರಿ ಸೌಟಿನಲ್ಲಿ ಗೂಡು ತಿರುವುತ್ತಲೇ ಇದ್ದಳು.

“ನಂಗ್ಯಾಕೆ ಹೇಳ್ತೀಯಮ್ಮಿ?” ಎಂದಳು. “ನಂಗೆ ಗೊತ್ತಿರೋದೇ. ಗೊತ್ತಿಲ್ದೋರ್ಗೆ ಹೇಳು, ಹೋಗು.”

ಕ್ಷಮೆಯ ಮಾತಾಡಲಿಲ್ಲ. ಬೈಯಲೂ ಇಲ್ಲ. ಟೀ ಕುಡಿದು ಹೋಗು ಎಂದಳು. ನಾನು ಕುಡಿಯದೆ ಬಂದೆ.

ಗೊತ್ತಿಲ್ಲದವರಿಗೆ ಹೇಳಲು ನನಗೆ ಎಷ್ಟೋ ವರ್ಷ ಹಿಡಿಯಿತು. ಮಾವನವರು ಬದುಕಿರುವ ತನಕ ಬಾಯಿ ಬಿಡಲಿಲ್ಲ. ಅವರು ಹೋದ ಮೇಲೂ ಆರು ವರ್ಷ ಸುಮ್ಮನಿದ್ದೆ, ಅದಕ್ಕೆ ಕಾರಣವೂ ಇಲ್ಲ. ಒಂದು ದಿನ ರಾಮನಗರದಿಂದ ಟೆಂಪೋದಲ್ಲಿ ಅವಳ ಹೆಣ ಬಂತು. ಟೆಂಪೋ ಮಾಡಿ ಕಳಿಸಿದವರು ಆ ಸಾಹೇಬರು. ಅವಳ ಅಣ್ಣನ ಮಗ ಮಣ್ಣು ಮಾಡಿದ. ಹನ್ನೊಂದನೇ ದಿನ, ಎಡೆ ಹಾಕಿ ಎಲ್ಲರೂ ಊಟಕ್ಕೆ ಕೂರುವ ಮೊದಲು, ನಾನು ಎದ್ದು ನಿಂತು ಹೇಳಿದೆ. ಆ ದಿನ ಡೈರಿಯ ಜಗಲಿಯ ಮೇಲೆ ಇದ್ದ ಗಂಡಸರಲ್ಲಿ ಅರ್ಧ ಜನ ಇನ್ನೂ ಇದ್ದರು. ನನ್ನ ಗಂಡನೂ ಇದ್ದರು. ದಿನ ತಪ್ಪದೆ, ತಟ್ಟೆ ತಪ್ಪದೆ ಹೇಳಿದೆ. ಊರು ಎದ್ದು ನನ್ನನ್ನು ಬೈಯುತ್ತದೆ, ಹೊಡೆದರೂ ಹೊಡೆಯಬಹುದು ಎಂದುಕೊಂಡಿದ್ದೆ.

ಒಬ್ಬರೂ ಬೆಚ್ಚಲಿಲ್ಲ. ಹಿರಿಯರೊಬ್ಬರು, “ಈಗ್ಯಾಕವ್ವ ಅದೆಲ್ಲಾ, ಎಲೆ ಹಾಕ್ಸು” ಎಂದರು.

ಕುರಿಮನೆಯ ಅಕ್ಕ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಮುದುಕಿಯಾಗಿದ್ದಳು. “ಏನೋ ಹೊಸಾದು ಹೇಳ್ದಂಗೆ ಹೇಳ್ತೀಯಲ್ಲಮ್ಮಿ” ಎಂದಳು. “ನಾಲ್ಕು ದಿನ ಮಬ್ಬಲ್ಲಿ ನೀನು ಬುಟ್ಟಿ ಹೊತ್ಕೊಂಡು ಹೋದದ್ನ ನಾನೇ ನೋಡಿವ್ನಿ. ಕುರಿ ಕಟ್ಟೋಳ್ಗೆ ನಿದ್ದೆ ಎಲ್ಲೈತೆ? ಎಲ್ರಿಗೂ ಹೇಳಿದ್ದೆ. ಆ ದಿನ ಡೈರಿ ತಾವು ಕೂತಿದ್ರಲ್ಲ, ಅಷ್ಟೂ ಜನಕ್ಕೂ ಗೊತ್ತಿತ್ತು.”

“ಮತ್ಯಾಕೆ ಯಾರೂ ಮಾತಾಡ್ಲಿಲ್ಲ ಅಕ್ಕ?”

“ನಿಮ್ಮಾವಯ್ಯನ ನೀರು ಬೇಕಿತ್ತಲ್ಲ. ನಂಗೂ ಬೇಕಿತ್ತು. ಅವ್ರ ಮನೆಯೋಳು ನೀನು, ನಿನ್ ಬಾಯಿಂದ ಬಂದ್ರೆ ನಮ್ ಮೇಲೆ ಬರಾಕಿಲ್ಲ ಅಂತ ನಿನ್ನ ಕೇಳಿ ಅಂದೆ. ಅವ್ವ ಬ್ಯಾಡ ಅಂದ್ಬುಟ್ಳು.” ಸೆರಗು ಹೊದ್ದುಕೊಂಡು, “ಅವ್ವನಿಗೂ ಗೊತ್ತಿತ್ತು, ನಮ್ಗೆಲ್ಲಾ ಗೊತ್ತು ಅಂತ” ಎಂದಳು.

ಎಲೆ ಹಾಕಿದರು. ಎಲ್ಲರೂ ಉಂಡರು. ನಾನು ಬಡಿಸಿದೆ.

ರಾಮನಗರದ ಆ ಆವಿಯಲ್ಲಿ ಅವಳು ಹೇಳಿದ ಮಾತನ್ನು ನಾನು ಇಷ್ಟು ವರ್ಷ ತಪ್ಪಾಗಿ ತಿಳಿದಿದ್ದೆ. ಊರಿಗೆ ಹೇಳು ಎಂದಳು ಎಂದುಕೊಂಡಿದ್ದೆ. ಊರಿನಲ್ಲಿ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಹಾಗಾಗಿ ಇಲ್ಲಿ ಬರೆದಿದ್ದೇನೆ.